ಯಾರ ಒಪ್ಪಿಗೆ?

ನಮ್ಮ ಬೀದಿಯಲ್ಲಿ ನನ್ನ ಕೆಲಸ ಏನೆಂದು ಸರಿಯಾಗಿ ಗೊತ್ತಿರುವವರು ಯಾರೂ ಇಲ್ಲ. ಪೋಸ್ಟರ್ ಬರೆಯುತ್ತೇನೆ ಎಂದರೆ ಸಿನಿಮಾದ್ದೆಂದುಕೊಂಡು ಯಾವ ಯಾವ ನಟರನ್ನು ಹತ್ತಿರದಿಂದ ನೋಡಿದ್ದೀರಿ ಎಂದು ಕೇಳುತ್ತಾರೆ. ಬ್ಯಾಂಡ್‌ಗಳಿಗೆ ಬರೆಯುತ್ತೇನೆ ಎಂದು ಬಿಡಿಸಿ ಹೇಳಿದರೆ ಇನ್ನೂ ಕಷ್ಟ. ಮದುವೆ ದಿಬ್ಬಣದ ಮುಂದೆ ಕೆಂಪು ಕೋಟು ಹಾಕಿಕೊಂಡು ತುತ್ತೂರಿ ಊದುತ್ತಾ ಹೋಗುವವರಿಗೆ ಪೋಸ್ಟರ್ ಯಾತಕ್ಕೆ ಎಂದು ಎದುರು ಮನೆಯ ಅಜ್ಜಿ ಈಗಲೂ ಚಿಂತಿಸುತ್ತಾರೆ. ನಾನು ಹೇಳುವ ಬ್ಯಾಂಡ್ ಬೇರೆ. ಗಿಟಾರು, ಡ್ರಮ್ಮುಗಳ ಜೊತೆಗೆ ತಂಬೂರಿಯನ್ನೋ ತಮಟೆಯನ್ನೋ ಸೇರಿಸಿಕೊಂಡು, ತತ್ವಪದ, ಜನಪದ ಗೀತೆಗಳನ್ನು ತಮ್ಮದೇ ಧಾಟಿಯಲ್ಲಿ ಹಾಡುವ ಹುಡುಗ ಹುಡುಗಿಯರ ತಂಡಗಳು. ಬೆಂಗಳೂರಿನಲ್ಲಿ ಇವು ಬಹಳ. ನಮ್ಮ ಮೈಸೂರಿನಲ್ಲೂ ದಸರೆಯ ಹೊತ್ತಿಗೆ ಮಳೆಗಾಲದ ನಾಯಿಕೊಡೆಗಳ ಹಾಗೆ ಏಳುತ್ತವೆ. ಅವರು ಎಲ್ಲಿ, ಯಾವತ್ತು, ಎಷ್ಟು ಗಂಟೆಗೆ ಹಾಡುತ್ತಾರೆ ಎಂದು ಊರಿಗೆ ಸಾರುವ ಚಿತ್ರ ನನ್ನದು.

ಈ ಕೆಲಸದಲ್ಲಿ ಕಷ್ಟದ ಘಟ್ಟಗಳು ಎರಡು. ಒಂದು ಕೆಲಸ ಕೇಳುವುದು, ಇನ್ನೊಂದು ಮಾಡಿದ್ದಕ್ಕೆ ಒಪ್ಪಿಗೆ ಪಡೆಯುವುದು. ನಡುವೆ ಚಿತ್ರ ಬರೆಯುವುದೂ ಇದೆ, ಅದು ಸುಲಭ.

ಕೇಳುವುದು ನನಗೆ ಬಹಳ ದಿನ ಬರಲೇ ಇಲ್ಲ. ಕರೆದರೆ ಹೋಗಬೇಕು, ಕೇಳಿಕೊಂಡು ಹೋಗಬಾರದು ಎಂದು ನಮ್ಮಮ್ಮ ಹೇಳಿಕೊಟ್ಟಿದ್ದರು. ಅವರು ಹೇಳಿದ್ದು ಅರಿಸಿನ ಕುಂಕುಮಕ್ಕೆ. ನಾನು ಅದನ್ನು ಹೊಟ್ಟೆಪಾಡಿಗೂ ಅನ್ವಯಿಸಿಕೊಂಡು ಮನೆಯಲ್ಲೇ ಕೂತಿದ್ದೆ. ಆಮೇಲೆ ಒಂದು ದಾರಿ ಕಂಡುಕೊಂಡೆ. ತಂಡದ ಕಾರ್ಯಕ್ರಮಕ್ಕೆ ದುಡ್ಡು ಕೊಟ್ಟು ಟಿಕೆಟ್ಟು ತೆಗೆದುಕೊಂಡೇ ಹೋಗುವುದು. ಹಿಂದಿನ ಸಾಲಿನಲ್ಲಿ ಕೂತು ಸಣ್ಣ ಪುಸ್ತಕದಲ್ಲಿ ಗೀಚಿಕೊಳ್ಳುವುದು. ಎರಡು ದಿನದೊಳಗೆ ಒಂದೇ ಒಂದು ಪೆನ್ಸಿಲ್ ಚಿತ್ರವನ್ನು ಅವರಿಗೆ ತೋರಿಸಿ, ಮುಂದಿನ ಕಾರ್ಯಕ್ರಮಕ್ಕೆ ಇದನ್ನು ಪೋಸ್ಟರ್ ಮಾಡಿಕೊಡುತ್ತೇನೆ, ಇಷ್ಟು ದುಡ್ಡಾಗುತ್ತದೆ, ಅರ್ಧ ಮುಂಗಡ ಎಂದು ಹೇಳಿಬಿಡುವುದು. ಪೂರ್ತಿ ಬಣ್ಣದ ಚಿತ್ರವನ್ನು ಪುಕ್ಕಟೆ ಕೊಡಬಾರದು. ಕೊಟ್ಟರೆ ಅವರಿಗೆ ಅದರ ಬೆಲೆಯೂ ತಿಳಿಯುವುದಿಲ್ಲ, ನಮಗೂ ಮರೆತು ಹೋಗುತ್ತದೆ. ಹಾಡುಗಾರರಿಗೆ, ತಮ್ಮನ್ನು ಯಾರೋ ಕತ್ತಲಲ್ಲಿ ಕೂತು ಅಷ್ಟು ಗಮನವಿಟ್ಟು ನೋಡಿದ್ದಾರೆ ಎಂಬುದೇ ದೊಡ್ಡ ಸಂತೋಷ. ಹತ್ತು ತಂಡಗಳಲ್ಲಿ ಮೂರಾದರೂ ಹೂಂ ಅನ್ನುತ್ತವೆ.

ಒಪ್ಪಿಗೆಯದು ದೊಡ್ಡ ಕಥೆ. ತಂಡದಲ್ಲಿ ಐದಾರು ಜನ ಇರುತ್ತಾರೆ. ಒಬ್ಬನಿಗೆ ಅಕ್ಷರ ದೊಡ್ಡದಾಗಬೇಕು, ಇನ್ನೊಬ್ಬನಿಗೆ ತನ್ನ ಮುಖ ದೊಡ್ಡದಾಗಬೇಕು. ಪ್ರಾಯೋಜಕರ ಗುರುತು ಕೆಳಗಿಂದ ಮೇಲಕ್ಕೆ ಹತ್ತಬೇಕು. ಮೊಬೈಲಿನಲ್ಲಿ ನೋಡಿ ಒಪ್ಪಿದ ನವಿಲುನೀಲಿ ಅಚ್ಚಾಗಿ ಬಂದಾಗ ಮಂಕಾಗಿರುತ್ತದೆ. ಪರದೆಯ ಮೇಲಿನದು ಬೆಳಕಿನ ಬಣ್ಣ, ಕಾಗದದ ಮೇಲಿನದು ಶಾಯಿಯ ಬಣ್ಣ, ನಾಲ್ಕು ಶಾಯಿಗಳಲ್ಲಿ ಆ ನೀಲಿ ಹುಟ್ಟುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ "ಕಳಿಸಿದಾಗ ಹೀಗಿರಲಿಲ್ಲವಲ್ಲ ಆಂಟಿ" ಎನ್ನುತ್ತಾರೆ. ಒಮ್ಮೆ ಭಾನುವಾರದ ತಾರೀಖಿನ ಪಕ್ಕದಲ್ಲಿ ಶನಿವಾರ ಎಂದು ಅಚ್ಚಾಗಿ ಹೋಯಿತು. ಅವರೂ ನೋಡಿದ್ದರು, ನಾನೂ ನೋಡಿದ್ದೆ. ದಂಡ ಮಾತ್ರ ನಾನು ತೆತ್ತೆ. ಅಂದಿನಿಂದ ಒಪ್ಪಿಗೆಯನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳುತ್ತೇನೆ. ಎರಡು ಸಲ ತಿದ್ದುಪಡಿ ಉಚಿತ, ಮೂರನೆಯದಕ್ಕೆ ದುಡ್ಡು. ಹೀಗೆ ಹೇಳಿದ ಮೇಲೆ ತಿದ್ದುಪಡಿಗಳೇ ಕಡಿಮೆಯಾದವು.

ಇದಿಷ್ಟು ವ್ಯವಹಾರ. ಇದರ ಜೊತೆಗೆ ಎರಡು ಉಪಾಯಗಳನ್ನೂ ಕಲಿತೆ. ಅವನ್ನು ಹೇಳಿಕೊಳ್ಳಲು ಈಗ ಸ್ವಲ್ಪ ನಾಚಿಕೆ.

ಒಂದು, ದೃಷ್ಟಿಬೊಟ್ಟು. ಹಾಗೆಂದು ನಾನೇ ಹೆಸರಿಟ್ಟದ್ದು. ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟರೆ ನೋಡುವವರ ಕಣ್ಣು ಅಲ್ಲಿಗೇ ಹೋಗಿ ಮಗು ಬಚಾವಾಗುತ್ತದಲ್ಲ, ಹಾಗೆ ಚಿತ್ರದಲ್ಲಿ ಬೇಕೆಂದೇ ಒಂದು ಕಡೆ ಎದ್ದು ಕಾಣುವ ತಪ್ಪು ಮಾಡಿಡುವುದು. ಅಕ್ಷರವನ್ನು ಗಿಟಾರಿನ ಮೇಲೆ ಹತ್ತಿಸುವುದು, ಮೂಲೆಯಲ್ಲೊಂದು ಬೇಡದ ಹಳದಿ ಪಟ್ಟಿ ಹಾಕುವುದು. ಅವರು ಅದನ್ನು ಹಿಡಿದು ತಿದ್ದಿಸಿ, ತಮ್ಮ ಮಾತು ನಡೆಯಿತು ಎಂದು ತೃಪ್ತರಾಗಿ, ಉಳಿದದ್ದಕ್ಕೆ ಓಕೆ ಅನ್ನುತ್ತಾರೆ. ಎರಡನೆಯದು, ಮೂರು ಚಿತ್ರ ತೋರಿಸುವುದು. ನನಗೆ ಬೇಕಾದ್ದು ಒಂದೇ. ಉಳಿದೆರಡನ್ನು ಅದಕ್ಕಿಂತ ಸಪ್ಪೆಯಾಗಿ, ಒಂದು ಗಂಟೆಯಲ್ಲಿ ಮುಗಿಸಿರುತ್ತೇನೆ. ಮೂರರಲ್ಲಿ ಆರಿಸಿಕೊಳ್ಳಿ ಎಂದರೆ ತಾವೇ ಆರಿಸಿದೆವು ಎಂಬ ಸಮಾಧಾನ ಅವರಿಗೆ, ನಾನು ಆರಿಸಿದ್ದೇ ಆಯಿತೆಂಬ ಸಮಾಧಾನ ನನಗೆ.

ಇದನ್ನು ನಾನು ಯಾವ ಕಲಾಶಾಲೆಯಲ್ಲೂ ಕಲಿಯಲಿಲ್ಲ, ಅಮ್ಮನಿಂದಲೇ ಕಲಿತೆ. ಮನೆಗೆ ಮಿಕ್ಸಿ ಬಂದದ್ದು ಹೇಗೆ ಗೊತ್ತೆ? "ನಮಗ್ಯಾಕ್ರೀ ಮಿಕ್ಸಿ, ಒರಳಿದೆಯಲ್ಲ, ಕರೆಂಟು ಬೇರೆ ದಂಡ. ಪಕ್ಕದ ಮನೆಯವರು ಕೊಂಡರೆ ಕೊಳ್ಳಲಿ, ಅವರ ಯಜಮಾನರಿಗೇನು, ಶಕ್ತಿ ಇದೆ" ಎಂದು ಅಮ್ಮ ಒಂದು ತಿಂಗಳು ಬೇಡ ಬೇಡ ಎಂದರು. ಅಪ್ಪ ಮುಂದಿನ ಸಂಬಳದಲ್ಲಿ ತಂದಿಟ್ಟರು. ಕೊನೆಯವರೆಗೂ ಅದು ತಮ್ಮದೇ ಹಠ ಎಂದು ಅಪ್ಪ ತಿಳಿದಿದ್ದರು. ನಿಮ್ಮ ಮನೆಯಲ್ಲೂ ಇಂಥ ಒಂದು ಮಿಕ್ಸಿ, ಒಂದು ಹೊಲಿಗೆ ಯಂತ್ರ, ಮಗಳ ಕಾಲೇಜು ಸೇರ್ಪಡೆಯ ಒಂದು ಅರ್ಜಿ ಇದ್ದೇ ಇರುತ್ತದೆ. ನೇರವಾಗಿ ಕೇಳಿದರೆ ಸಿಗದವರು ಬಳಸಿಕೊಂಡು ಕೇಳುತ್ತಾರೆ. ಅದನ್ನು ಕಪಟ ಎನ್ನಲು ನನಗೆ ಇವತ್ತಿಗೂ ಮನಸ್ಸಿಲ್ಲ. ಅಮ್ಮನ ಕೈಯಲ್ಲಿ ಅಧಿಕಾರವಿರಲಿಲ್ಲ, ಬುದ್ಧಿ ಇತ್ತು, ಅದನ್ನು ಬಳಸಿದರು. ಹುಡುಗರ ತಂಡದ ಮುಂದೆ ನಾನೂ ಹಾಗೇ ಎಂದುಕೊಂಡಿದ್ದೆ: ದುಡ್ಡು ಕೊಡುವವರು ಅವರು, ಓಕೆ ಅನ್ನುವವರು ಅವರು, ಪೆನ್ಸಿಲ್ ಹಿಡಿದು ಬಾಗಿಲಲ್ಲಿ ನಿಂತಿರುವವಳು ನಾನು.

ಈ ಲೆಕ್ಕ ತಲೆಕೆಳಗಾದದ್ದು 2022ರ ಡಿಸೆಂಬರಿನಲ್ಲಿ.

ಬೆಂಗಳೂರಿನ ಒಂದು ತಂಡ. ಗಿಟಾರಿನ ಇಬ್ಬರು, ಡ್ರಮ್ಮಿನವನೊಬ್ಬ, ಹಾಡುವ ಹುಡುಗ, ಕೊಳಲಿನ ಹುಡುಗಿ, ಇವರ ಜೊತೆಗೆ ತಮಟೆ ಬಾರಿಸುವವರೊಬ್ಬರು. ಈ ಕೊನೆಯವರು ಕಾರ್ಯಕ್ರಮವಿದ್ದಾಗ ಮಾತ್ರ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಅವರ ಹೆಸರು, ಊರು ಬರೆಯುವುದಿಲ್ಲ. ಬರೆಯಬೇಡಿ ಎಂದು ಅವರೇ ಹೇಳಿದ್ದಾರೆ. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದ ದಿನ ಅವರು ನೀಲಿ ಚೌಕಳಿ ಅಂಗಿ ತೊಟ್ಟಿದ್ದರು, ತೋಳು ಮಡಿಚಿದ್ದರು. ತಮಟೆ ಎಡ ಪಕ್ಕೆಗೆ ಆತುಕೊಂಡಿತ್ತು. ಒಂದು ಕೈಯಲ್ಲಿ ಉದ್ದದ ತೆಳ್ಳನೆಯ ಕಡ್ಡಿ, ಇನ್ನೊಂದರಲ್ಲಿ ಗಿಡ್ಡನೆಯ ದಪ್ಪ ಕೋಲು. ಮೊದಲ ಪೆಟ್ಟು ಬಿದ್ದಾಗ ಗಿಟಾರು, ಡ್ರಮ್ಮು ಎಲ್ಲ ಅವರ ಹಿಂದಕ್ಕೆ ಸರಿದಂತೆ ಆಯಿತು. ಪೋಸ್ಟರ್ ಎಂದರೆ ಇವರೇ ಎಂದು ಅಲ್ಲೇ ನಿರ್ಧರಿಸಿದೆ. ತಂಡದವರು ಚಿತ್ರ ನೋಡಿ ಕುಣಿದಾಡಿದರು.

ಮನೆಗೆ ಬಂದು ಬರೆಯುತ್ತಾ ಕೂತಾಗ ಆ ಚೌಕಳಿ ಅಂಗಿ ಕಣ್ಣಿಗೆ ಅಡ್ಡ ಬರತೊಡಗಿತು. ಚೌಕಗಳೇ ಎದ್ದು ಕಾಣುತ್ತವೆ, ತಮಟೆಯ ದುಂಡು ಹಿಂದಕ್ಕೆ ಹೋಗುತ್ತದೆ. ಅಂಗಿ ತೆಗೆದೆ. ಬರಿ ಮೈ, ತೋಳಿನ ನರಗಳು, ಸೊಂಟಕ್ಕೊಂದು ತುಂಡು ಪಂಚೆ, ಹಿಂದೆ ಬೆಂಕಿಯ ಕೆಂಪು. ಒಮ್ಮೆಗೇ ಚಿತ್ರಕ್ಕೆ ಜೀವ ಬಂತು. ನನ್ನ ಕೈಯಿಂದ ಅಷ್ಟು ಒಳ್ಳೆಯ ಗೆರೆ ಅದಕ್ಕೂ ಮೊದಲು ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ನಿಯಮದಂತೆ ಮೂರು ಚಿತ್ರ ತೋರಿಸಬೇಕಲ್ಲ. ಒಂದರಲ್ಲಿ ಬರೀ ಅಕ್ಷರ ಹಾಕಿದೆ. ಇನ್ನೊಂದರಲ್ಲಿ ಅಂಗಿ ತೊಟ್ಟ ಅವರನ್ನೇ ಬರೆದೆ, ಆದರೆ ಮನಸ್ಸಿಲ್ಲದೆ ಬರೆದೆ. ಅಂಗಿ ಗೋಣಿಚೀಲದಂತೆ ಜೋತಿತ್ತು. ಅದು ಆಯ್ಕೆಯಾಗಬಾರದು ಎಂದೇ ಹಾಗೆ ಬರೆದದ್ದು, ಈಗ ಮುಚ್ಚಿಟ್ಟು ಏನು ಪ್ರಯೋಜನ. ಹಾಡುವ ಹುಡುಗನಿಗೆ ಮೂರನ್ನೂ ಕಳಿಸಿದೆ. ನಾಲ್ಕು ನಿಮಿಷದಲ್ಲಿ ಉತ್ತರ ಬಂತು, "ಬೆಂಕಿ ಇರೋದೇ ಸೂಪರ್ ಆಂಟಿ, ಓಕೆ." ಬರವಣಿಗೆಯಲ್ಲಿ ಒಪ್ಪಿಗೆ. 18 × 23 ಇಂಚಿನ ಡೆಮಿ ಹಾಳೆಯಲ್ಲಿ ಇನ್ನೂರು ಪ್ರತಿ ಅಚ್ಚಾಯಿತು. ಊರ ಗೋಡೆಗಳಿಗೆ ಅಂಟಿಸಲು 1981ರ ಕಾಯ್ದೆ ಅಡ್ಡ ಬರುವುದರಿಂದ ಕಾಫಿ ಅಂಗಡಿ, ಪುಸ್ತಕದಂಗಡಿ, ಕಾಲೇಜುಗಳ ಒಳಗೋಡೆಗಳಲ್ಲಿ ಕೇಳಿ ಹಾಕಿದರು. ಗೋಡೆಗೆ ಕೇಳಿದ್ದೆವು, ನೋಡಿ.

ಕಾರ್ಯಕ್ರಮದ ಸಂಜೆ ನಾನೂ ಹೋಗಿದ್ದೆ. ತಮಟೆಯವರು ಸಭಾಂಗಣದ ಹಿಂದೆ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಹಳೆಯ ಪೇಪರು ಉರಿಸಿಕೊಂಡು ತಮಟೆ ಕಾಯಿಸುತ್ತಿದ್ದರು. ಚರ್ಮ ಬಿಸಿಯಾಗಿ ಬಿಗಿದುಕೊಳ್ಳದಿದ್ದರೆ ನಾದ ಬರುವುದಿಲ್ಲ. ನಾನು ದೊಡ್ಡ ಉಡುಗೊರೆ ಕೊಡುವವಳಂತೆ ಪೋಸ್ಟರಿನ ಒಂದು ಪ್ರತಿ ಬಿಡಿಸಿ ಅವರ ಮುಂದೆ ಹಿಡಿದೆ. ಅವರು ನೋಡಿದರು. "ಚೆನ್ನಾಗೈತೆ ಅಕ್ಕ" ಎಂದರು. ಕೈಗೆ ತೆಗೆದುಕೊಂಡು ಚಿತ್ರ ಒಳಗಾಗುವಂತೆ ನಾಲ್ಕು ಮಡಿಕೆ ಮಡಿಚಿ ಚೀಲದ ಅಡಿಗೆ ಇಟ್ಟರು.

ಆ ಮಡಿಕೆ ನನಗೆ ಅರ್ಥವಾಗಬಾರದಿತ್ತು. ಆಯಿತು. "ಇಷ್ಟವಾಗಲಿಲ್ಲವಾ?" ಎಂದೆ. ಇಲ್ಲ ಇಲ್ಲ, ಚೆನ್ನಾಗೈತೆ ಎಂದರು. ಇನ್ನೊಮ್ಮೆ ಕೇಳಿದೆ. ಆಗ ತಮಟೆ ತಿರುಗಿಸಿ ಕಾಯಿಸುತ್ತಲೇ, ನನ್ನ ಮುಖ ನೋಡದೆ ಹೇಳಿದರು. "ನಮ್ಮಪ್ಪ ಹಿಂಗೇ ಬರಿ ಮೈಯಲ್ಲಿ ಬಾರಿಸ್ತಿದ್ದ ಅಕ್ಕ. ಸತ್ತೋರ ಮನೆ ಮುಂದೆ. ಅಂಗಿ ಹಾಕ್ಕೊಂಡು ಹೋದ್ರೆ ಆಗ್ತಿರ್ಲಿಲ್ಲ. ನಾನು ಬಾರ್ಸಿದ್ರೆ ಅಂಗಿ ಹಾಕ್ಕೊಂಡೇ ಬಾರ್ಸೋದು ಅಂತ ಹೊರಟೋನು. ಸಾವಿಗೆ ಹೋಗಲ್ಲ, ಸ್ಟೇಜಿಗೆ ಮಾತ್ರ. ನೀವು ಬಿಚ್ಚಿಸ್ಬಿಟ್ರಿ." ಕೋಪದ ದನಿಯಲ್ಲ. ಅಂಗಡಿಯವನು ಚಿಲ್ಲರೆ ಕಡಿಮೆ ಕೊಟ್ಟಾಗ ಹೇಳುವ ದನಿ. ಆಮೇಲೆ ತಮಟೆಯ ಮೇಲೆ ಬೆರಳಲ್ಲಿ ತಟ್ಟಿ ನೋಡಿ, ಆಯಿತು ಎಂದು ಒಳಗೆ ಹೋದರು. ಅವತ್ತು ಅವರ ಅಂಗಿ ಬಿಳಿಯದು, ಇಸ್ತ್ರಿಯ ಗೆರೆ ಹಾಗೇ ಇತ್ತು.

ತಮಟೆ ನಮ್ಮ ಊರುಗಳಲ್ಲಿ ಯಾವ ಕೇರಿಯ ವಾದ್ಯ, ಅದನ್ನು ಬಾರಿಸುವವರನ್ನು ಊರು ಎಲ್ಲಿ ನಿಲ್ಲಿಸಿತ್ತು ಎಂಬುದು ನನಗೆ ತಿಳಿಯದ ವಿಷಯವಲ್ಲ. ನಾವು ಚಿಕ್ಕವರಿದ್ದಾಗ ತಮಟೆಯ ಸದ್ದು ಕೇಳಿದರೆ ಯಾರು ಹೋದರೋ ಎಂದು ಅಜ್ಜಿ ಜಗಲಿಗೆ ಬರುತ್ತಿದ್ದರು. ತಿಳಿದೂ ನಾನು ಅಂಗಿ ತೆಗೆದೆ. ಗೆರೆ ಚೆನ್ನಾಗಿ ಬರುತ್ತದೆ ಎಂಬುದೊಂದೇ ಕಾರಣಕ್ಕೆ.

ಬಸ್ಸಿನಲ್ಲಿ ಮೈಸೂರಿಗೆ ಹಿಂದಿರುಗುವಾಗ ನನ್ನನ್ನು ನಾನೇ ಸಮರ್ಥಿಸಿಕೊಳ್ಳುತ್ತಾ ಬಂದೆ. ಒಪ್ಪಿಗೆ ಕೊಟ್ಟದ್ದು ತಂಡ, ತಿಳಿಸಬೇಕಾದ್ದು ಅವರ ಜವಾಬ್ದಾರಿ. ಕಾಗದಪತ್ರದ ಪ್ರಕಾರ ಇದು ಸರಿಯೇ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ, ಹಣ ಕೊಟ್ಟು ಬರೆಸಿದ ಚಿತ್ರದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಬರೆಸಿದವರಿಗೆ ಸೇರುತ್ತದೆ ಎಂದಿದೆ. ಬರೆದವಳ ಮಾತಾಯಿತು, ಬರೆಸಿದವರ ಮಾತಾಯಿತು. ಬರೆಯಿಸಿಕೊಂಡವರು? ಆ ಹುಡುಗನ ಓಕೆಯನ್ನು ಮೂರು ಸಲ ತೆಗೆದು ಓದಿದೆ. ಅವನದೂ ಒಪ್ಪಿಗೆ ಎನ್ನಲು ಬರುವಂತಿರಲಿಲ್ಲ. ಗೋಣಿಚೀಲದ ಪಕ್ಕದಲ್ಲಿ ಬೆಂಕಿ ಇಟ್ಟರೆ ಯಾರಾದರೂ ಯಾವುದನ್ನು ಆರಿಸುತ್ತಾರೆ?

ಅಮ್ಮನ ಉಪಾಯಕ್ಕೂ ನನ್ನದಕ್ಕೂ ಇದ್ದ ವ್ಯತ್ಯಾಸ ರಾಮನಗರ ದಾಟುವ ಹೊತ್ತಿಗೆ ಹೊಳೆಯಿತು. ಅಮ್ಮ ಬಳಸಿಕೊಂಡು ಹೋದದ್ದು ತಮಗಿಂತ ಬಲವಿದ್ದವರ ಸುತ್ತ. ನಾನು ಹುಡುಗರ ಸುತ್ತ ಬಳಸಿ ಹೋದೆ ಎಂದುಕೊಂಡಿದ್ದೆನಲ್ಲ, ತುಳಿದದ್ದು ಅವರ ಹಿಂದೆ ನಿಂತಿದ್ದವರ ಕಾಲನ್ನು.

ನಮ್ಮ ಭಾಷೆಯಲ್ಲಿ ಒಪ್ಪು ಎಂಬ ಮಾತು ವಿಚಿತ್ರವಾದದ್ದು. ಈ ಸೀರೆ ನಿನಗೆ ಒಪ್ಪುತ್ತೆ ಎಂದರೆ ಚೆಂದ ಕಾಣುತ್ತದೆ ಎಂದು. ಮನೆ ಒಪ್ಪವಾಗಿದೆ ಎಂದರೆ ಓರಣವಾಗಿದೆ ಎಂದು. ಮಗ್ಗಿ ಒಪ್ಪಿಸು ಎಂದರೆ ಬಾಯಿಪಾಠ ಹೇಳು ಎಂದು. ಮದುವೆಯ ಕೊನೆಗೆ ಹೆಣ್ಣು ಒಪ್ಪಿಸುವ ಶಾಸ್ತ್ರ, ಅಲ್ಲಿ ಒಪ್ಪಿಸುವುದೆಂದರೆ ಹಸ್ತಾಂತರ. ಚೆಂದ, ಓರಣ, ಬಾಯಿಪಾಠ, ಹಸ್ತಾಂತರ ಎಲ್ಲ ಒಂದೇ ಮಾತಿನ ಹೊಟ್ಟೆಯಲ್ಲಿವೆ. ಇಷ್ಟೆಲ್ಲದರ ನಡುವೆ, ನಿನಗೆ ಮನಸ್ಸಿದೆಯೇ ಎಂಬ ಅರ್ಥವನ್ನು ಹುಡುಕಿ ತೆಗೆಯಬೇಕು.

ನನ್ನನ್ನು ನೋಡಲು ಬಂದ ದಿನ ನೆನಪಿಗೆ ಬಂತು. ಕೇಸರಿಬಾತು ಉಪ್ಪಿಟ್ಟು ಮುಗಿದಿತ್ತು. ಹುಡುಗನ ಕಡೆಯವರು ಒಪ್ಪಿಗೆ ಎಂದಾಗಿತ್ತು. "ಹುಡುಗಿಗೂ ಒಪ್ಪಿಗೆ ತಾನೇ? ಕೇಳಿಬಿಡೋಣ, ಕಾಲ ಬದಲಾಗಿದೆ" ಎಂದು ಸೋದರತ್ತೆ ನಡುಮನೆಗೆ ಬಂದು ಕೇಳಿದಾಗ ಅವರ ಕೈಯಲ್ಲಿ ತಾಂಬೂಲದ ತಟ್ಟೆ ಆಗಲೇ ಇತ್ತು. ಒಳಗೆ ಅಮ್ಮ, ಹೊರಗೆ ಅಪ್ಪ, ಹದಿನಾಲ್ಕು ಜನ ಉಸಿರು ಹಿಡಿದು ಕೂತಿದ್ದರು. ನಾನು ತಲೆಯಾಡಿಸಿದೆ. ನನ್ನ ಯಜಮಾನರು ಒಳ್ಳೆಯವರು, ಸಂಸಾರ ಚೆನ್ನಾಗಿಯೇ ನಡೆದಿದೆ, ಅದರ ಬಗ್ಗೆ ದೂರಿಲ್ಲ. ಆದರೆ ಸಂಸಾರ ಚೆನ್ನಾಗಿ ನಡೆಯಿತು ಎಂಬುದರಿಂದ ಅವತ್ತು ನನ್ನನ್ನು ಕೇಳಿದ್ದರು ಎಂದಾಗುತ್ತದೆಯೇ? ಇಪ್ಪತ್ತೆಂಟು ವರ್ಷವಾದರೂ ನನಗೆ ಆ ತಟ್ಟೆ ಕಾಣುತ್ತದೆ. ಬೇಡ ಎಂದರೂ ಆಗುತ್ತಿತ್ತು ಎಂಬ ಸ್ಥಿತಿಯಲ್ಲಿ ಹೇಳಿದ ಹೂಂ ಒಂದು, ಬೇಡ ಎನ್ನಲು ಜಾಗವಿಲ್ಲದ ಕಡೆ ಆಡಿಸಿದ ತಲೆ ಇನ್ನೊಂದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ, ಅದೇ ಕಷ್ಟ.

ಚಿತ್ರಕಲೆ ಓದುವಾಗ ಪ್ಯಾರಿಸ್ಸಿನ ಒಂದು ಪ್ರಸಂಗ ಓದಿದ್ದೆ. ಆಗ ನಕ್ಕಿದ್ದೆ. ತುಲೂಸ್ ಲೊತ್ರೆಕ್ ಎಂಬ ಚಿತ್ರಕಾರ ಅಲ್ಲಿನ ಹಾಡುಗಾರರು, ನರ್ತಕಿಯರ ಪೋಸ್ಟರುಗಳನ್ನು ಬರೆದು ಹೆಸರಾದವನು; 1891ರಲ್ಲಿ ಮೂಲಾಂ ರೂಜ್‌ಗೆ ಬರೆದದ್ದರಿಂದ ಅವನ ಹೆಸರು ಬೀದಿಬೀದಿಗೆ ತಿಳಿಯಿತು. ಅವನಿಗೆ ಒಪ್ಪಿಗೆಯ ಅನುಭವಗಳೂ ಬಗೆಬಗೆಯವು. 1892ರಲ್ಲಿ ಅರಿಸ್ಟೀಡ್ ಬ್ರುವಾಂ ಎಂಬ ಗಾಯಕ, ಮಾಲೀಕನಿಗೆ ಹಿಡಿಸದ ಲೊತ್ರೆಕ್ ಪೋಸ್ಟರನ್ನು ಹಾಕದಿದ್ದರೆ ವೇದಿಕೆ ಹತ್ತುವುದಿಲ್ಲ ಎಂದು ಹಠ ಹಿಡಿದು ಹಾಕಿಸಿದನಂತೆ. ಎರಡು ವರ್ಷದ ನಂತರ ಇದರ ವಿರುದ್ಧದ್ದು ನಡೆಯಿತು. ಈವೆಟ್ ಗಿಲ್ಬೆರ್ ಎಂಬ ಗಾಯಕಿ ಆಗ ಬಹಳ ಪ್ರಸಿದ್ಧಳು. ತೆಳ್ಳನೆಯ ಮೈ, ಮೊಣಕೈ ಮೀರಿದ ಕರಿಯ ಕೈಗವಸು. ಲೊತ್ರೆಕ್ 1894ರಲ್ಲಿ ಅವಳ ಪೋಸ್ಟರಿಗೆಂದು ಬಣ್ಣದ ಕರಡೊಂದನ್ನು ಬರೆದು ಅವಳಿಗೇ ಕಳಿಸಿದ. ನಾನು ಪೆನ್ಸಿಲ್ ಚಿತ್ರ ಹಿಡಿದು ಹೋಗುತ್ತೇನಲ್ಲ, ಹಾಗೆಯೇ. ಚೂಪು ಮೂಗು, ಎತ್ತಿದ ಗದ್ದ, ಅಣಕಿಸುವಂಥ ಬಾಯಿ. ಅವಳು ಬೇಡ ಎಂದು ಕಾಗದ ಬರೆದಳು. ಈ ಸಲದ ಪೋಸ್ಟರಿಗೆ ಬೇರೆ ವ್ಯವಸ್ಥೆಯಾಗಿದೆ ಎಂದು ಮರ್ಯಾದೆಯಿಂದ ತಿಳಿಸಿ, ಇಷ್ಟೊಂದು ಕುರೂಪಿಯಾಗಿ ತನ್ನನ್ನು ಬರೆಯಬೇಡಪ್ಪ ಎಂದು ಬೇಡಿಕೊಂಡಳು. ಮನೆಗೆ ಬಂದವರು ನೋಡಿ ಕಿರುಚಿಕೊಂಡರು, ಎಲ್ಲರಿಗೂ ಅದರಲ್ಲಿರುವ ಕಲೆಯೇ ಕಾಣುವುದಿಲ್ಲ ಎಂದೂ ಬರೆದಳು. ಪೋಸ್ಟರ್ ಆಗಲಿಲ್ಲ. ಕರಡು ಈಗ ಅವನ ಹುಟ್ಟೂರು ಆಲ್ಬಿಯ ವಸ್ತುಸಂಗ್ರಹಾಲಯದಲ್ಲಿದೆ.

ಓದಿದ ವಯಸ್ಸಿನಲ್ಲಿ ನಾನು ಲೊತ್ರೆಕ್ ಪಕ್ಷ. ಪಾಪ, ಆ ಹೆಂಗಸಿಗೆ ಕಲೆ ತಿಳಿಯಲಿಲ್ಲ, ಇವತ್ತು ಅವಳ ಹೆಸರು ದೂರದ ಮೈಸೂರಿನವರೆಗೆ ಬಂದಿರುವುದೇ ಅವನು ಬರೆದದ್ದರಿಂದ ಎಂದು ಗೆಳತಿಯರ ಹತ್ತಿರ ವಾದಿಸಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ನೂರು ವರ್ಷದ ನಂತರ ನಾವು ಮೆಚ್ಚಿದೆವು ಎಂಬುದು ಅವಳ ಬೇಡಕ್ಕೆ ಉತ್ತರವಲ್ಲ. ಮುಖ ಅವಳದು, ಸಂಜೆ ಅದೇ ಮುಖ ಹೊತ್ತು ಜನರ ಮುಂದೆ ನಿಲ್ಲಬೇಕಾದವಳೂ ಅವಳೇ. ಆದರೆ ಕಥೆ ಅಲ್ಲಿಗೂ ನಿಲ್ಲುವುದಿಲ್ಲ ನೋಡಿ. ಅದೇ ವರ್ಷ ಅವನು ಅವಳ ಮೇಲೆ ಹದಿನಾರು ಕಲ್ಲಚ್ಚು ಚಿತ್ರಗಳ ಒಂದು ಪುಸ್ತಕ ಮಾಡಿದ. ಮುಖಪುಟದಲ್ಲಿ ಅವಳ ಮುಖವೇ ಇಲ್ಲ, ಬರೀ ಕರಿಯ ಕೈಗವಸು. ಒಳಗಿನ ಮುಖಗಳು ಮೊದಲಿನಷ್ಟೇ ಕಟುವಾಗಿದ್ದವು. ಅಚ್ಚಾದ ನೂರು ಪ್ರತಿಗಳಿಗೂ ಅವಳು ಸಹಿ ಹಾಕಿಕೊಟ್ಟಳು. ಬೇಡ ಎಂದದ್ದನ್ನು ಅವನು ಕೇಳಿಸಿಕೊಂಡಿದ್ದರಿಂದ ಈ ಸಲ ಹೂಂ ಎಂದಳೋ, ಇವನು ಬಿಡುವವನಲ್ಲ ಎಂದು ಸೋತು ಹಾಕಿದಳೋ, ಸಹಿ ನೋಡಿ ಹೇಳಲಾಗುವುದಿಲ್ಲ. ನನಗೆ ಮೊದಲನೆಯದೇ ನಿಜವಿರಲಿ ಎಂಬ ಆಸೆ. ಕಾರಣ ನನ್ನ ಸ್ವಾರ್ಥ.

ಮುಂದಿನ ವಾರ ನಾನು ತಮಟೆಯವರಿಗೆ ಫೋನ್ ಮಾಡಿದೆ. ತಪ್ಪಾಯಿತು ಎಂದೆ. ಬಿಡಿ ಅಕ್ಕ, ನೀವೇನು ಬೇಕಂತ ಮಾಡಿದ್ರಾ ಎಂದರು. ಬೇಕಂತಲೇ ಮಾಡಿದ್ದು ಎಂದು ಹೇಳುವ ಧೈರ್ಯ ಆ ದಿನ ಬರಲಿಲ್ಲ. ಮತ್ತೆ ಅಂಗಿ ತೊಡಿಸಿ ಬರೆಯುತ್ತೇನೆ, ದುಡ್ಡು ಯಾರೂ ಕೊಡಬೇಕಾಗಿಲ್ಲ ಎಂದೆ. ಬರೆದೆ. ಹದಿನೈದು ದಿನ ಹಿಡಿಯಿತು. ಚೌಕಳಿ ಅಂಗಿಯ ಮಡಿಕೆಗಳನ್ನು ಗೋಣಿಚೀಲವಾಗದಂತೆ, ತಮಟೆಯ ದುಂಡನ್ನು ನುಂಗದಂತೆ ಬರೆಯುವುದು ಬರಿಮೈ ಬರೆಯುವುದಕ್ಕಿಂತ ಎಷ್ಟೋ ಕಷ್ಟ. ಸುಲಭದ್ದನ್ನೇ ನಾನು ಚೆಂದ ಎಂದುಕೊಂಡಿದ್ದೆನೋ ಏನೋ. ಈ ಸಲ ಒಂದೇ ಚಿತ್ರ ಕಳಿಸಿದೆ, ಮೊದಲು ಅವರಿಗೆ. ಎರಡು ತಪ್ಪು ಹಿಡಿದರು. ಕಡ್ಡಿಯನ್ನು ತಪ್ಪು ಕೈಗೆ ಕೊಟ್ಟಿದ್ದೆ. ಜೊತೆಗೆ, ಜೇಬಲ್ಲಿ ಒಂದು ಪೆನ್ನು ಇರಲಿ, ನಾನು ಯಾವಾಗಲೂ ಇಟ್ಕೊಂಡಿರ್ತೀನಿ ಎಂದರು. ಪೆನ್ನು ಹಾಕಿದೆ. ತಂಡದ ಹುಡುಗರು ನೋಡಿ, ಚೆನ್ನಾಗಿದೆ ಆಂಟಿ, ಆದರೆ ಮೊದಲಿನ ಎಫೆಕ್ಟ್ ಇಲ್ಲ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನನ್ನ ಕಣ್ಣೂ ಬೆಂಕಿಯ ಕಡೆಗೇ ಹೋಗುತ್ತದೆ. ಇದನ್ನು ಒಪ್ಪಿಕೊಳ್ಳದಿದ್ದರೆ ಇಲ್ಲಿಯವರೆಗೆ ಬರೆದದ್ದೆಲ್ಲ ದೃಷ್ಟಿಬೊಟ್ಟು ಆಗುತ್ತದೆ.

ಅಷ್ಟರಲ್ಲಿ ಮೊದಲನೆಯ ಪೋಸ್ಟರ್ ಮೊಬೈಲಿನಿಂದ ಮೊಬೈಲಿಗೆ ಹಾರಿಕೊಂಡು ಎಲ್ಲೆಲ್ಲೋ ಹೋಗಿತ್ತು. ಅದನ್ನು ಹಿಂದಕ್ಕೆ ಕರೆಯುವ ಉಪಾಯವಿಲ್ಲ. ಅದನ್ನು ನೋಡಿಯೇ ಮೂರು ತಂಡದವರು ನನ್ನನ್ನು ಹುಡುಕಿಕೊಂಡು ಬಂದರು. ಕೇಳಿಕೊಂಡು ಹೋಗುತ್ತಿದ್ದವಳನ್ನು ಕರೆಯುವ ಹಾಗಾಯಿತು, ಅಮ್ಮ ಇದ್ದಿದ್ದರೆ ಸಂತೋಷಪಡುತ್ತಿದ್ದರು. ಹೊಸ ತಂಡದವರಿಗೆ ತೋರಿಸಲೆಂದು ನನ್ನ ಹತ್ತಿರ ಒಂದು ಫೈಲು ಇದೆ. ಅದರಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದೆಂದು ನೋಡಿದವರೆಲ್ಲ ಒಂದೇ ಬೆರಳಿಟ್ಟು ಹೇಳುತ್ತಾರೆ. ಇಡಬೇಕೋ ತೆಗೆಯಬೇಕೋ?

ಇದನ್ನೂ ಅವರನ್ನೇ ಕೇಳಿದೆ. ಆ ಸಲ ಧೈರ್ಯ ಮಾಡಿ ಅಂಗಿಯ ಚಿತ್ರವನ್ನು ಬೇಕೆಂದೇ ಕೆಟ್ಟದಾಗಿ ಬರೆದಿದ್ದೆ ಎಂಬುದನ್ನೂ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ನಂತರ, "ತೋರ್ಸಿ ಅಕ್ಕ, ನಿಮ್ಮದೂ ಹೊಟ್ಟೆಪಾಡು, ನಮ್ಮದೂ ಹೊಟ್ಟೆಪಾಡು" ಎಂದರು. ಒಪ್ಪಿಗೆ ಸಿಕ್ಕಿತಲ್ಲ ಎಂದು ಫೋನ್ ಇಟ್ಟವಳಿಗೆ ಅರ್ಧ ಗಂಟೆಯೂ ನೆಮ್ಮದಿ ಇರಲಿಲ್ಲ. ತಂಡದ ಹುಡುಗರಿಗೆ ಬೇಕಾದವಳು ನಾನು. ಮುಂದಿನ ಕಾರ್ಯಕ್ರಮಕ್ಕೆ ಅವರನ್ನು ಕರೆಯುವವರು ಆ ಹುಡುಗರು. ನನಗೆ ಬೇಡ ಎನ್ನಲು ಅವರಿಗೆ ಎಷ್ಟು ಜಾಗ ಇತ್ತು? ನನ್ನ ಕೈಯಲ್ಲೂ ಒಂದು ತಾಂಬೂಲದ ತಟ್ಟೆ ಇತ್ತೇ? ಸರಿಯಾಗಿ ಕೇಳಿದ್ದರೂ, ಕೇಳುವವಳು ನಾನಾಗಿರುವವರೆಗೆ ಆ ಉತ್ತರವನ್ನು ಎಷ್ಟು ನಂಬಬೇಕೋ ತಿಳಿಯದು. ನನ್ನ ಯಜಮಾನರ ಅಭಿಪ್ರಾಯ ಬೇರೆ. ಮನುಷ್ಯ ಬಾಯಿಬಿಟ್ಟು ಹೂಂ ಎಂದ ಮೇಲೂ ನೀನು ನಂಬದಿದ್ದರೆ ಅದೂ ಅವನಿಗೆ ಮಾಡುವ ಅವಮಾನವೇ, ಅವನಿಗೇನು ಸ್ವಂತ ಬುದ್ಧಿ ಇಲ್ಲವೇ ಎನ್ನುತ್ತಾರೆ. ಅದಕ್ಕೂ ನನ್ನಲ್ಲಿ ಉತ್ತರವಿಲ್ಲ. ಸದ್ಯಕ್ಕೆ ಫೈಲಿನಲ್ಲಿ ಅಂಗಿಯ ಚಿತ್ರ ಇದೆ. ಇನ್ನೊಂದು ಕಪಾಟಿನಲ್ಲಿದೆ, ಹರಿದಿಲ್ಲ.

ಹೋದ ತಿಂಗಳು ಹೊಸ ತಂಡವೊಂದರ ಹುಡುಗ ಫೋನ್ ಮಾಡಿದ. ಮೊಬೈಲಿನಲ್ಲಿ ಎಲ್ಲೋ ಬೆಂಕಿಯ ಪೋಸ್ಟರ್ ನೋಡಿದ್ದಾನೆ. ಅಂಥದ್ದೇ ಒಂದು ಬೇಕು ಎಂದ. ನಿಮ್ಮ ತಂಡದಲ್ಲಿ ಎಷ್ಟು ಜನ ಎಂದು ಕೇಳಿದೆ. ಏಳು ಎಂದ. ಡೊಳ್ಳಿನವರು ಇಬ್ಬರು ಹಾವೇರಿ ಕಡೆಯವರಂತೆ.

"ಏಳೂ ಜನರ ನಂಬರ್ ಕಳಿಸಪ್ಪ" ಎಂದೆ.

"ಎಲ್ಲರದೂ ಯಾಕೆ ಆಂಟಿ? ನಾನೇ ಓಕೆ ಮಾಡ್ತೀನಲ್ಲ" ಎಂದ.